ಆತ್ಮಾಹುತಿ ದಾಳಿಗಳ ಹಿಂದಿನ ಸಮಾಜ, ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದಾಗೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಸಿಟ್ಟಿನಿಂದ ಕೇಳುತ್ತಾರೆ, ಕೆಲವರು ನಿಜಕ್ಕೂ ಗೊಂದಲದಿಂದ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಎಲ್ಲರೂ ಮೊದಲು ಕೇಳುವುದು

ಸೈನಿಕನೂ ಸಾಯೋಕೆ ಸಿದ್ಧನಾಗೇ ಹೋಗ್ತಾನಲ್ವಾ? ಇದರಲ್ಲಿ ಬೇರೆ ಏನಿದೆ?

ಸೈನಿಕ ಸಾಯಲು ಸಿದ್ಧನಿರುತ್ತಾನೆ, ಆದರೆ ಬದುಕಿ ವಾಪಸ್ ಬರುವ ಆಸೆಯೂ ಇರುತ್ತದೆ. ಇಲ್ಲಿ ಹಾಗಲ್ಲ. ದಾಳಿ ಮಾಡುವವನು ಸಾಯದೆ ದಾಳಿ ನಡೆಯುವುದೇ ಇಲ್ಲ. ಅವನ ಸಾವು ಆಯುಧದ ಒಂದು ಭಾಗ.

ಹತ್ತಿರದ ಕೆಲವು ಬಗೆಗಳನ್ನು ಇದರ ಜೊತೆ ಬೆರೆಸುವುದುಂಟು. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದ ಹತ್ತು ಮಂದಿ 'ಫಿದಾಯೀನ್' ರೀತಿಯವರು. ತಾವು ಸಾಯುವ ತನಕ ಕೊಲ್ಲುತ್ತ ಹೋಗಲು ಬಂದಿದ್ದರು, ಒಬ್ಬ ಜೀವಂತ ಸಿಕ್ಕಿಬಿದ್ದ. 1944ರಲ್ಲಿ ಜಪಾನಿನ ಕಾಮಿಕಾಜೆ ವಿಮಾನಗಳು ಯುದ್ಧನೌಕೆಗಳಿಗೆ ಡಿಕ್ಕಿ ಹೊಡೆದವು. ಅದು ಒಂದು ದೇಶದ ಸೇನೆ ಇನ್ನೊಂದು ಸೇನೆಯ ಮೇಲೆ ಮಾಡಿದ್ದು. ಭಯೋತ್ಪಾದನೆಯಲ್ಲಿ ಸತ್ತವರಿಗಿಂತ ನೋಡುತ್ತಿರುವವರು ಮುಖ್ಯ. ಅವರಲ್ಲಿ ಭಯ ಹುಟ್ಟಿಸಿ ರಾಜಕೀಯ ಕೆಲಸ ಮಾಡಿಸಿಕೊಳ್ಳುವುದು ಉದ್ದೇಶ.

ಇವರೆಲ್ಲ ತಲೆಕೆಟ್ಟವರು ಅಂತ ಹೇಳಿ ಮುಗಿಸಬಹುದಲ್ವಾ?

ಹಾಗೆ ಹೇಳಿದರೆ ಮನಸ್ಸಿಗೆ ಸಮಾಧಾನ, ಅಷ್ಟೇ. ಸಂಘಟನೆಗಳೇ ಮನಸ್ಸು ಸ್ಥಿಮಿತದಲ್ಲಿಲ್ಲದವರನ್ನು ದೂರ ಇಡುತ್ತವೆ. ಅಂಥವರು ಕೊನೆ ಗಳಿಗೆಯಲ್ಲಿ ಕೈಕೊಡುತ್ತಾರೆ, ಗುಟ್ಟು ಬಿಟ್ಟುಕೊಡುತ್ತಾರೆ ಎಂಬ ಹೆದರಿಕೆ. ದಾಳಿ ವಿಫಲವಾಗಿ ಸಿಕ್ಕಿಬಿದ್ದವರ ಜೊತೆ ಮನಶ್ಶಾಸ್ತ್ರಜ್ಞರು ಜೈಲಿನಲ್ಲಿ ಕೂತು ಮಾತಾಡಿದ್ದಾರೆ. ಕೆಲವರಲ್ಲಿ ಖಿನ್ನತೆ ಕಂಡಿದೆ, ಇನ್ನೊಬ್ಬರ ಮಾತಿಗೆ ಬೇಗ ಬಗ್ಗುವ ಸ್ವಭಾವ ಕಂಡಿದೆ. ಆದರೆ ಖಿನ್ನತೆ ಎಲ್ಲ ದೇಶದಲ್ಲೂ ಎಲ್ಲ ಕಾಲದಲ್ಲೂ ಇದೆ. ಈ ದಾಳಿಗಳು ಮಾತ್ರ ಕೆಲವೇ ಜಾಗಗಳಲ್ಲಿ, ಕೆಲವೇ ವರ್ಷಗಳಲ್ಲಿ ಗುಂಪುಗುಂಪಾಗಿ ನಡೆಯುತ್ತವೆ. ಇರಾಕಿನಲ್ಲಿ 2003ಕ್ಕೆ ಮುಂಚೆ ಇವು ಇರಲಿಲ್ಲ ಎಂದೇ ಹೇಳಬಹುದು. ಆಮೇಲಿನ ಕೆಲವೇ ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ನಡೆದದ್ದು ಅಲ್ಲೇ. ಅಲ್ಲಿನ ಜನರ ಮನಸ್ಸು ಒಂದೇ ವರ್ಷದಲ್ಲಿ ಕೆಟ್ಟಿತೇ? ಬದಲಾದದ್ದು ಸುತ್ತಲಿನ ರಾಜಕೀಯ.

ಬಡತನ, ಓದಿಲ್ಲದಿರೋದೇ ಕಾರಣ ಅಂತಾರೆ. ನಿಜಾನಾ?

ಅಷ್ಟು ನೇರವಾಗಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಕೋರರ ಮುಂದಾಳು ಮೊಹಮ್ಮದ್ ಅತ್ತಾ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿದವನು. 2019ರ ಈಸ್ಟರ್ ದಿನ ಶ್ರೀಲಂಕಾದಲ್ಲಿ 250ಕ್ಕೂ ಹೆಚ್ಚು ಜನರನ್ನು ಕೊಂದವರಲ್ಲಿ ಇಬ್ಬರು ಶ್ರೀಮಂತ ಮಸಾಲೆ ವ್ಯಾಪಾರಿಯ ಮಕ್ಕಳು. ಅದೇ ಹೊತ್ತಿಗೆ, ಅಫ್ಘಾನಿಸ್ತಾನದಲ್ಲಿ, ನೈಜೀರಿಯಾದಲ್ಲಿ ತೀರ ಬಡ ಹುಡುಗರನ್ನು ಬಳಸಿದ್ದೂ ಇದೆ. ಜಗತ್ತಿನ ಕೋಟ್ಯಂತರ ಬಡವರು ಯಾರ ತಂಟೆಗೂ ಹೋಗದೆ ದುಡಿಯುತ್ತಿದ್ದಾರೆ. ಅವರ ಮೇಲೆ ಈ ಆರೋಪ ಹೊರಿಸುವುದು ಅನ್ಯಾಯ.

ನನ್ನ ಮಟ್ಟಿಗೆ ಬಡತನಕ್ಕಿಂತ ಹೆಚ್ಚು ಕೆಲಸ ಮಾಡುವುದು ಅವಮಾನ. ಓದಿದ್ದೇನೆ, ಆದರೂ ನನಗೆ ಇಲ್ಲಿ ಜಾಗವಿಲ್ಲ ಎಂಬ ಭಾವನೆ. ನನ್ನ ಜನಕ್ಕೆ ಬೆಲೆಯಿಲ್ಲ ಎಂಬ ಭಾವನೆ.

ಇದೆಲ್ಲ ಇಸ್ಲಾಂನಿಂದಲೇ ಬಂದಿದ್ದು ಅಲ್ವಾ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನನ್ನು ಕೊಂದದ್ದು ಕ್ರಾಂತಿಕಾರಿಗಳ ಗುಂಪು. ಬಾಂಬ್ ಎಸೆದ ಯುವಕನೂ ಅದೇ ಸ್ಫೋಟದಲ್ಲಿ ಸತ್ತ. ಅಲ್ಲಿ ಧರ್ಮದ ಮಾತೇ ಇರಲಿಲ್ಲ. 1985ರಲ್ಲಿ ದಕ್ಷಿಣ ಲೆಬನಾನಿನಲ್ಲಿ ಇಸ್ರೇಲಿ ಸೈನಿಕರ ಮೇಲೆ ಕಾರು ನುಗ್ಗಿಸಿದ ಹದಿಹರೆಯದ ಹುಡುಗಿಯನ್ನು ಕಳಿಸಿದ್ದು ಒಂದು ಜಾತ್ಯತೀತ ರಾಷ್ಟ್ರವಾದಿ ಪಕ್ಷ. ಟರ್ಕಿಯಲ್ಲಿ 1990ರ ದಶಕದಲ್ಲಿ ಇದೇ ದಾರಿ ಹಿಡಿದ ಕುರ್ದಿಶ್ ಸಂಘಟನೆ ಪಿಕೆಕೆ ಮಾರ್ಕ್ಸ್‌ವಾದಿ. ಎಲ್‌ಟಿಟಿಇಯಂತೂ ತಮಿಳು ರಾಷ್ಟ್ರವಾದದ ಸಂಘಟನೆ. ಅದರಲ್ಲಿದ್ದವರು ಹಿಂದೂ, ಕ್ರೈಸ್ತ ಮನೆಗಳ ಮಕ್ಕಳು. 1995ರಲ್ಲಿ ಪಂಜಾಬಿನ ಮುಖ್ಯಮಂತ್ರಿ ಬಿಯಾಂತ್ ಸಿಂಗ್ ಅವರನ್ನು ಚಂಡೀಗಢದಲ್ಲಿ ಕೊಂದ ಮಾನವ ಬಾಂಬ್ ಸಿಖ್ ಉಗ್ರವಾದಿ ಗುಂಪಿನವನು.

ಹಾಗಂತ ಧರ್ಮಕ್ಕೆ ಏನೂ ಸಂಬಂಧವಿಲ್ಲ ಅಂದರೆ ಅದೂ ಸುಳ್ಳು. 2001ರ ನಂತರ ಇಂಥ ದಾಳಿಗಳಲ್ಲಿ ಬಹುಪಾಲು ನಡೆಸಿದ್ದು ಇಸ್ಲಾಂ ಹೆಸರು ಹೇಳುವ ಗುಂಪುಗಳು. ಇಸ್ಲಾಂನಲ್ಲಿ ಆತ್ಮಹತ್ಯೆ ದೊಡ್ಡ ಪಾಪ. ಆ ತಡೆಯನ್ನು ದಾಟಲು ಈ ಗುಂಪುಗಳು ಅದಕ್ಕೆ ಹುತಾತ್ಮತೆಯ ಹೆಸರು ಕೊಟ್ಟವು. ಸ್ವರ್ಗದ ಭರವಸೆ, ಶತ್ರು ಮನುಷ್ಯನೇ ಅಲ್ಲ ಎಂಬ ಬೋಧನೆ ಸಾಯುವವನ ಕೈಯನ್ನು ಗಟ್ಟಿ ಮಾಡುತ್ತವೆ. ಇದನ್ನು ಧರ್ಮದ ಒಳಗಿನಿಂದಲೇ ವಿರೋಧಿಸಿದವರೂ ಇದ್ದಾರೆ. 2010ರಲ್ಲಿ ವಿದ್ವಾಂಸ ತಾಹಿರ್ ಉಲ್ ಖಾದ್ರಿ ಸುಮಾರು 600 ಪುಟಗಳ ಫತ್ವಾ ಹೊರಡಿಸಿದರು. 2018ರಲ್ಲಿ ಪಾಕಿಸ್ತಾನದ 1800ಕ್ಕೂ ಹೆಚ್ಚು ಧರ್ಮಗುರುಗಳು ಸೇರಿ ಆತ್ಮಾಹುತಿ ದಾಳಿ ನಿಷಿದ್ಧ ಎಂದು ಸಾರಿದರು.

ಒಲೆ ಹೊತ್ತಿಸುವುದು ರಾಜಕೀಯ. ಧರ್ಮ ಅದಕ್ಕೆ ಬೀಳುವ ಎಣ್ಣೆ. ಕೆಲವು ಕಡೆ ಎಣ್ಣೆ ಭಾಷೆಯದ್ದು, ಕೆಲವು ಕಡೆ ಜನಾಂಗದ್ದು.

## ಸ್ವಲ್ಪ ಒಳಗೆ ಹೋದರೆ

ಸಾಯೋ ನಿರ್ಧಾರ ಒಬ್ಬನದ್ದು. ಅದರಲ್ಲಿ ಸಂಘಟನೆ ಏನು ಮಾಡುತ್ತೆ?

ಬಹುತೇಕ ಎಲ್ಲವನ್ನೂ ಅದೇ ಮಾಡುತ್ತದೆ. ಗುರಿ ಆರಿಸುವವರು ಬೇರೆ, ಬಾಂಬ್ ಮಾಡುವವರು ಬೇರೆ, ಕರೆದುಕೊಂಡು ಹೋಗುವವರು ಬೇರೆ. ಸಾಯುವವನಿಗೆ ಇದೆಲ್ಲ ಪೂರ್ತಿ ಗೊತ್ತಿರಲೇಬೇಕೆಂದಿಲ್ಲ. ಸುದ್ದಿಯಲ್ಲಿ ನಾವು ನೋಡುವುದು ಅವನೊಬ್ಬನ ಫೋಟೊ. ನೋಡಬೇಕಾದದ್ದು ಕಳಿಸಿದವರನ್ನು.

ಮನಸ್ಸು ಬದಲಾಗದಂತೆ ಕಟ್ಟಿಹಾಕುವುದೂ ಸಂಘಟನೆಯ ಕೆಲಸವೇ. ಪ್ಯಾಲೆಸ್ತೀನ್‌ನಲ್ಲಿ ಹೋಗುವ ಮುನ್ನ ವಿಡಿಯೊದಲ್ಲಿ ಕೊನೆಯ ಮಾತು ಹೇಳಿಸುತ್ತಿದ್ದರು. ಅಲ್ಲಿಂದ ಮುಂದೆ ಅವನನ್ನು 'ಬದುಕಿರುವ ಹುತಾತ್ಮ' ಎಂದು ಕರೆಯುತ್ತಿದ್ದರು. ಇಪ್ಪತ್ತು ವರ್ಷದ ಹುಡುಗ ಕ್ಯಾಮೆರಾ ಮುಂದೆ ನಿಂತು ನಾನು ಸತ್ತಾಯಿತು ಅಂದಮೇಲೆ ವಾಪಸ್ ಮನೆಗೆ ಹೋಗುವುದು ಹೇಗೆ? ಯಾವ ಮುಖ ಇಟ್ಟುಕೊಂಡು? ಎಲ್‌ಟಿಟಿಇಯ ಹೋರಾಟಗಾರರ ಕೊರಳಲ್ಲಿ ಸೈನೈಡ್ ಗುಳಿಗೆ ತೂಗುತ್ತಿತ್ತು. ಸಾವು ಮೊದಲ ದಿನದಿಂದಲೇ ಮೈಗೆ ತಾಗಿಕೊಂಡಿರುತ್ತಿತ್ತು.

ನಾಯಕರೇ ಹೋಗಿ ಸಾಯುವುದು ಅಪರೂಪ. ಈಸ್ಟರ್ ದಾಳಿಯ ಮುಂದಾಳು ಜಹ್ರಾನ್ ಹಾಶಿಂ ತಾನೇ ಸ್ಫೋಟಿಸಿಕೊಂಡ. ಅಂಥವರು ಬೆರಳೆಣಿಕೆಯಷ್ಟು.

ಸ್ವಂತ ಜನರನ್ನೇ ಕಳಕೊಂಡು ಸಂಘಟನೆಗೆ ಏನು ಲಾಭ?

ಕಡಿಮೆ ಖರ್ಚು, ಗುರಿಯ ಹತ್ತಿರಕ್ಕೆ ಹೋಗುವ ಅವಕಾಶ, ಜಾಸ್ತಿ ಸಾವು, ಜಾಸ್ತಿ ಸುದ್ದಿ. ಆದರೆ ಈ ತಂತ್ರ ಜಗತ್ತಿನ ಕಣ್ಣಿಗೆ ಬಿದ್ದದ್ದು ಬೈರೂತ್‌ನಿಂದ. 1983ರ ಅಕ್ಟೋಬರ್ 23ರಂದು ಎರಡು ಟ್ರಕ್‌ಗಳು 241 ಅಮೆರಿಕನ್ ಸೇನಾ ಸಿಬ್ಬಂದಿಯನ್ನೂ 58 ಫ್ರೆಂಚ್ ಸೈನಿಕರನ್ನೂ ಕೊಂದವು. ಮುಂದಿನ ವರ್ಷದ ಆರಂಭದಲ್ಲಿ ಅಮೆರಿಕದ ಪಡೆ ಲೆಬನಾನ್ ಬಿಟ್ಟಿತು. ದೊಡ್ಡ ದೇಶವನ್ನೂ ಹೀಗೆ ಓಡಿಸಬಹುದು ಎಂದು ಹಲವು ಗುಂಪುಗಳು ಲೆಕ್ಕ ಹಾಕಿದವು. 1987ರ ಜುಲೈ 5ರಂದು ಎಲ್‌ಟಿಟಿಇ ಜಾಫ್ನಾದ ನೆಲ್ಲಿಯಡಿ ಸೇನಾ ಶಿಬಿರಕ್ಕೆ ಟ್ರಕ್ ನುಗ್ಗಿಸಿದ್ದು ಅದೇ ಮಾದರಿಯಲ್ಲಿ.

ಇನ್ನೊಂದು ಲಾಭದ ಬಗ್ಗೆ ಕಡಿಮೆ ಮಾತಾಡುತ್ತೇವೆ. ಅದು ಶಾಂತಿ ಕೆಡಿಸುವುದು. ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ನಾಯಕರು 1993ರಲ್ಲಿ ಓಸ್ಲೋ ಒಪ್ಪಂದ ಮಾಡಿಕೊಂಡರು. 1994ರ ಫೆಬ್ರವರಿಯಲ್ಲಿ ಹೆಬ್ರಾನ್‌ನಲ್ಲಿ ಒಬ್ಬ ಯಹೂದಿ ಉಗ್ರವಾದಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಕ್ಕಿ ಕೊಂದ. ನಲವತ್ತು ದಿನಗಳ ಶೋಕ ಮುಗಿದ ಹೊತ್ತಿಗೆ ಪ್ಯಾಲೆಸ್ತೀನಿನ ಉಗ್ರವಾದಿ ಸಂಘಟನೆ ಹಮಾಸ್ ಇಸ್ರೇಲಿನ ಅಫುಲಾ ಊರಿನಲ್ಲಿ ಬಸ್ಸಿನ ಬಳಿ ಬಾಂಬ್ ಸಿಡಿಸಿತು. 1996ರ ಫೆಬ್ರವರಿ, ಮಾರ್ಚ್‌ನಲ್ಲಿ ಸರಣಿ ದಾಳಿಗಳು ನಡೆದವು. ಮೇ ತಿಂಗಳ ಚುನಾವಣೆಯಲ್ಲಿ ಒಪ್ಪಂದವನ್ನು ವಿರೋಧಿಸುತ್ತಿದ್ದ ನೆತನ್ಯಾಹು ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ಎರಡೂ ಕಡೆಯ ಉಗ್ರವಾದಿಗಳು ಒಬ್ಬರಿಗೊಬ್ಬರು ಕೆಲಸ ಮಾಡಿಕೊಟ್ಟ ಹಾಗಾಯಿತು. ಮಧ್ಯದಲ್ಲಿ ಸತ್ತವರು ಬಸ್ಸಿಗೆ ಕಾಯುತ್ತಿದ್ದವರು, ಪ್ರಾರ್ಥನೆಗೆ ಬಂದಿದ್ದವರು.

ಶ್ರೀಲಂಕಾದಲ್ಲಿ ತಮಿಳು ಹುಡುಗರು, ಹುಡುಗಿಯರು ಅಷ್ಟೊಂದು ಜನ ಯಾಕೆ ಹೋದ್ರು?

ಈ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಕೊಡುತ್ತೇನೆ. ಸಮಾಜ, ಸರ್ಕಾರ, ಸಂಘಟನೆ ಮೂರೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

1956ರಲ್ಲಿ ಸಿಂಹಳ ಒಂದೇ ಅಧಿಕೃತ ಭಾಷೆ ಎಂಬ ಕಾನೂನು ಬಂತು. ಸರ್ಕಾರಿ ಕೆಲಸ ನಂಬಿಕೊಂಡಿದ್ದ ತಮಿಳರಿಗೆ ಬಾಗಿಲು ಮುಚ್ಚತೊಡಗಿತು. 1970ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಲು ತಮಿಳು ವಿದ್ಯಾರ್ಥಿಗಳು ಹೆಚ್ಚು ಅಂಕ ತೆಗೆಯಬೇಕಾದ ವ್ಯವಸ್ಥೆ ಮಾಡಿದರು. 1981ರಲ್ಲಿ ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. 90 ಸಾವಿರಕ್ಕೂ ಹೆಚ್ಚು ಪುಸ್ತಕಗಳು, ತಾಳೆಗರಿಗಳು ಸುಟ್ಟವು. 1983ರ ಜುಲೈನಲ್ಲಿ ಎಲ್‌ಟಿಟಿಇ 13 ಸೈನಿಕರನ್ನು ಕೊಂದ ಮೇಲೆ ಕೊಲಂಬೊ ಮತ್ತು ಬೇರೆ ಕಡೆ ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು. ಮನೆಯಲ್ಲಿ ಇದನ್ನೆಲ್ಲ ಕೇಳಿ ಬೆಳೆದ ಮಕ್ಕಳಿಗೆ ಮಾತುಕತೆಯ ರಾಜಕೀಯದ ಮೇಲೆ ನಂಬಿಕೆ ಉಳಿಯಲಿಲ್ಲ.

ಇಷ್ಟರಿಂದಲೇ ಎಲ್‌ಟಿಟಿಇಯ ಆತ್ಮಾಹುತಿ ದಾಳಿ ಪಡೆಯಾದ ಕರಿಹುಲಿಗಳು ಹುಟ್ಟಲಿಲ್ಲ. ಎಲ್‌ಟಿಟಿಇ ನಾಯಕ ಪ್ರಭಾಕರನ್ ಮೊದಲು ಉಳಿದ ತಮಿಳು ಗುಂಪುಗಳನ್ನು ಮುಗಿಸಿದರು. 1986ರಲ್ಲಿ ಟೆಲೋ ಗುಂಪಿನ ಮೇಲೆ ಬಿದ್ದರು. 1989ರಲ್ಲಿ ಹಿರಿಯ ತಮಿಳು ನಾಯಕ ಅಮಿರ್ತಲಿಂಗಂ ಎಲ್‌ಟಿಟಿಇ ಗುಂಡಿಗೆ ಸತ್ತರು. ಬೇರೆ ದಾರಿ ತೋರಿಸುವವರೇ ಉಳಿಯಬಾರದು ಎಂಬುದು ಲೆಕ್ಕ. ಆಮೇಲೆ ಸಾವಿನ ಸುತ್ತ ಒಂದು ಇಡೀ ಆಚರಣೆಯನ್ನೇ ಕಟ್ಟಿದರು. ನವೆಂಬರ್ 27 ಮಾವೀರರ ದಿನ, ಜುಲೈ 5 ಕರಿಹುಲಿಗಳ ದಿನ. ಹಿಂದೂ ಮನೆಗಳಲ್ಲಿ ಸತ್ತವರನ್ನು ಸುಡುವ ಪದ್ಧತಿ ಇದ್ದರೂ, ಸತ್ತ ಹೋರಾಟಗಾರರನ್ನು ಸಾಲುಸಾಲಾಗಿ ಹೂಳಿ ಸಮಾಧಿ ಕಟ್ಟಿದರು. ಬದುಕಿದ್ದಾಗ ಯಾರೂ ಕೇಳದ ಹುಡುಗನ ಹೆಸರನ್ನು ಸತ್ತಮೇಲೆ ಊರೇ ನಿಂತು ಓದುತ್ತಿತ್ತು. ಹದಿನೇಳರ ಮನಸ್ಸಿನ ಮೇಲೆ ಅದು ಏನು ಮಾಡುತ್ತದೆ ಎಂದು ಸ್ವಲ್ಪ ಯೋಚಿಸಿ.

1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ, 1993ರ ಮೇ 1ರಂದು ಅಧ್ಯಕ್ಷ ಪ್ರೇಮದಾಸ. ಈ ಎರಡು ಹೆಸರು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಕಾಡುವ ಹೆಸರು ನೀಲನ್ ತಿರುಚೆಲ್ವಂ. ಅವರು ತಮಿಳರು, ಸಂವಿಧಾನದ ವಕೀಲರು. ತಮಿಳರಿಗೆ ಅಧಿಕಾರ ಹಂಚುವ ಕರಡು ತಯಾರಿಸಲು ದುಡಿದವರು. 1999ರ ಜುಲೈನಲ್ಲಿ ಕೊಲಂಬೊದಲ್ಲಿ ಎಲ್‌ಟಿಟಿಇಯ ಮಾನವ ಬಾಂಬ್ ಅವರನ್ನು ಕೊಂದಿತು. ತಮಿಳರ ನೋವೇ ಎಲ್ಲದಕ್ಕೂ ಕಾರಣವಾಗಿದ್ದರೆ ಆ ನೋವಿಗೆ ಮದ್ದು ಹುಡುಕುತ್ತಿದ್ದವರನ್ನು ಯಾಕೆ ಕೊಲ್ಲಬೇಕಿತ್ತು?

ಹೆಂಗಸರು, ಮಕ್ಕಳು ಕೂಡ ಇದಕ್ಕೆ ಯಾಕೆ ಸೇರ್ತಾರೆ?

ಎಲ್ಲರನ್ನೂ ಒಂದೇ ಸಾಲಿನಲ್ಲಿ ಇಡಬಾರದು. ರಷ್ಯಾದ ಚೆಚೆನ್ಯಾದಲ್ಲಿ ಗಂಡ, ಅಣ್ಣತಮ್ಮಂದಿರನ್ನು ಯುದ್ಧದಲ್ಲಿ ಕಳೆದುಕೊಂಡ ಕೆಲವು ಹೆಂಗಸರು ಈ ದಾರಿ ಹಿಡಿದರು. ಪತ್ರಿಕೆಗಳು ಅವರನ್ನು 'ಕಪ್ಪು ವಿಧವೆಯರು' ಎಂದವು. ಹಾಗಂದಾಗ ಅವರ ರಾಜಕೀಯ ಮರೆಯಾಗಿ ಬರೀ ದುಃಖ ಉಳಿಯುತ್ತದೆ. ಹೆಂಗಸರಿಗೂ ರಾಜಕೀಯ ಇರುತ್ತದೆ. ಸಂಘಟನೆಗಳ ಲೆಕ್ಕ ಇನ್ನೂ ಸರಳ. ಹೆಂಗಸಿನ ಮೇಲೆ ಅನುಮಾನ ಕಡಿಮೆ, ತಪಾಸಣೆ ಕಡಿಮೆ.

ನೈಜೀರಿಯಾದಲ್ಲಿ ಬೋಕೊ ಹರಾಮ್ 2014ರಿಂದ ಹುಡುಗಿಯರನ್ನು ಕಳಿಸತೊಡಗಿತು. ಕೆಲವರು ಹತ್ತು ವರ್ಷದ ಆಸುಪಾಸಿನವರು, ಹಲವರು ಅಪಹರಣ ಆದವರು. ಅವರನ್ನು ದಾಳಿಕೋರರು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. 2018ರಲ್ಲಿ ಇಂಡೊನೇಷ್ಯಾದ ಸುರಬಯದಲ್ಲಿ ಅಪ್ಪ ಅಮ್ಮ ತಮ್ಮ ನಾಲ್ಕು ಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ಮೂರು ಚರ್ಚುಗಳ ಮೇಲೆ ದಾಳಿ ಮಾಡಿದರು. ಚಿಕ್ಕ ಹುಡುಗಿಗೆ ಒಂಬತ್ತು ವರ್ಷ. ಅವಳು ಏನನ್ನೂ ಆರಿಸಿಕೊಂಡಿರಲಿಲ್ಲ.

ಸುತ್ತಲಿನ ಜನ ಯಾಕೆ ಸುಮ್ನಿರ್ತಾರೆ?

ಕೆಲವರು ಹೆದರಿಕೆಯಿಂದ, ಕೆಲವರು ಒಪ್ಪಿಗೆಯಿಂದ. ಆ ಒಪ್ಪಿಗೆ ಶಾಶ್ವತವಲ್ಲ. 2005ರ ನವೆಂಬರ್‌ನಲ್ಲಿ ಜೋರ್ಡನ್‌ನ ರಾಜಧಾನಿ ಅಮ್ಮಾನ್‌ನಲ್ಲಿ ಹೋಟೆಲುಗಳ ಮೇಲೆ ದಾಳಿಯಾಯಿತು, ಒಂದು ಮದುವೆ ಮನೆಯೇ ಸ್ಮಶಾನವಾಯಿತು. ಸಾವಿರಾರು ಜನ ಬೀದಿಗಿಳಿದು ಪ್ರತಿಭಟಿಸಿದರು. ಅದಕ್ಕೆ ಮುಂಚೆ ಇಂಥ ದಾಳಿ ಸರಿ ಅನ್ನುತ್ತಿದ್ದವರ ಪ್ರಮಾಣ ಮುಂದಿನ ಸಮೀಕ್ಷೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು.

ಉತ್ತರ ಐರ್ಲೆಂಡ್ ಇನ್ನೊಂದು ಪಾಠ. 1981ರಲ್ಲಿ ಜೈಲಿನಲ್ಲಿ ಹತ್ತು ಜನ ಉಪವಾಸ ಮಾಡಿ ಪ್ರಾಣ ಬಿಟ್ಟರು. ಅಂದರೆ ಸಾಯಲು ಸಿದ್ಧರಿದ್ದವರಿಗೆ ಅಲ್ಲಿ ಕೊರತೆ ಇರಲಿಲ್ಲ. ಆದರೆ ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ ಆತ್ಮಾಹುತಿ ದಾಳಿಗೆ ಹೋಗಲಿಲ್ಲ. 1990ರಲ್ಲಿ ಮನೆಯವರನ್ನು ಒತ್ತೆ ಇಟ್ಟು ಸಾಮಾನ್ಯ ಜನರ ಕೈಲಿ ಬಾಂಬ್ ತುಂಬಿದ ವಾಹನ ಓಡಿಸಿತು. ಅವರದೇ ಬೆಂಬಲಿಗರು ಅಸಹ್ಯಪಟ್ಟರು. ಹೆಚ್ಚು ದಿನ ಆ ತಂತ್ರ ನಡೆಯಲಿಲ್ಲ.

## ಉತ್ತರ ಸುಲಭವಿಲ್ಲದವು

ಹೊರಗಿನ ಸೇನೆ ಬಂದು ಕೂತ್ರೆ ಹೀಗಾಗುತ್ತೆ ಅನ್ನೋ ವಾದ ಒಪ್ಪಬಹುದಾ?

ಅರ್ಧ ಒಪ್ಪುತ್ತೇನೆ. ಲೆಬನಾನ್, ಪ್ಯಾಲೆಸ್ತೀನ್, ಚೆಚೆನ್ಯಾ, ಇರಾಕ್ ನೋಡಿದರೆ ನಂಟು ಎದ್ದು ಕಾಣುತ್ತದೆ. ಆದರೆ ಅಫ್ಘಾನಿಸ್ತಾನ ನೋಡಿ. ಸೋವಿಯತ್ ಸೇನೆ 1979ರಿಂದ 1989ರ ತನಕ ಅಲ್ಲಿತ್ತು. ಲಕ್ಷಾಂತರ ಜನ ಸತ್ತರು. ಆದರೂ ಅಫ್ಘನ್ ಹೋರಾಟಗಾರರು ಈ ದಾರಿ ಹಿಡಿಯಲಿಲ್ಲ. 2001ರ ಸೆಪ್ಟೆಂಬರ್ 9ರಂದು ಪತ್ರಕರ್ತರ ವೇಷದಲ್ಲಿ ಬಂದು ತಾಲಿಬಾನ್ ವಿರುದ್ಧ ಹೋರಾಡುತ್ತಿದ್ದ ಅಫ್ಘನ್ ನಾಯಕ ಅಹ್ಮದ್ ಶಾ ಮಸೂದ್ ಅವರನ್ನು ಕೊಂದವರೂ ಹೊರಗಿನ ಅರಬ್ಬರು. 2005ರ ನಂತರ ಅದೇ ದೇಶದಲ್ಲಿ ಇಂಥ ದಾಳಿಗಳು ಮಾಮೂಲಾದವು. ಚೀನಾದ ಹಿಡಿತದಲ್ಲಿರುವ ಟಿಬೆಟ್‌ನಲ್ಲಿ 2009ರಿಂದ 150ಕ್ಕೂ ಹೆಚ್ಚು ಜನ ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಬೇರೆಯವರನ್ನು ಕೊಲ್ಲುವ ದಾರಿಯಾಗಿ ಅದು ಬೆಳೆಯಲಿಲ್ಲ.

ಸೇನೆಯ ಜೊತೆಗೆ ಕಲಿಕೆಯೂ ಬೇಕು. 1992ರ ಡಿಸೆಂಬರ್‌ನಲ್ಲಿ ಇಸ್ರೇಲ್ 400ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರನ್ನು ದಕ್ಷಿಣ ಲೆಬನಾನಿಗೆ ಗಡಿಪಾರು ಮಾಡಿತು. ಅಲ್ಲಿ ಅವರಿಗೆ, ಆಗಲೇ ಇಂಥ ದಾಳಿ ಮಾಡಿದ್ದ ಲೆಬನಾನಿನ ಶಿಯಾ ಸಂಘಟನೆ ಹಿಜ್ಬುಲ್ಲಾದ ಸಂಪರ್ಕ ಬೆಳೆಯಿತು. ಹಮಾಸ್‌ನ ಮೊದಲ ಆತ್ಮಾಹುತಿ ದಾಳಿ 1993ರ ಏಪ್ರಿಲ್‌ನಲ್ಲಿ. ಇನ್ನು ಇರಾಕಿನಲ್ಲಿ ಸತ್ತವರಲ್ಲಿ ಬಹುಪಾಲು ಇರಾಕಿಗಳೇ. ಮಾರುಕಟ್ಟೆಗೆ ಬಂದ ಶಿಯಾ ಜನರನ್ನು ಕೊಲ್ಲುವುದಕ್ಕೂ ಅಮೆರಿಕದ ಸೇನೆಯನ್ನು ಓಡಿಸುವುದಕ್ಕೂ ಏನು ಸಂಬಂಧ? ಅಲ್ಲಿ ಪಂಗಡದ ದ್ವೇಷವೂ ಸಂಘಟನೆಗಳ ನಡುವಿನ ಪೈಪೋಟಿಯೂ ಸೇರಿಕೊಂಡಿದ್ದವು.

ಯುದ್ಧವನ್ನೇ ನೋಡದೆ ಯುರೋಪಲ್ಲಿ ಬೆಳೆದ ಹುಡುಗರು ಯಾಕೆ ಹೀಗಾಗ್ತಾರೆ?

ಗೆಳೆತನದಿಂದ ಶುರುವಾಗುತ್ತದೆ. 2005ರ ಜುಲೈ 7ರಂದು ಲಂಡನ್‌ನಲ್ಲಿ 52 ಜನರನ್ನು ಕೊಂದ ನಾಲ್ವರಲ್ಲಿ ಮೂವರು ಬ್ರಿಟನ್‌ನಲ್ಲೇ ಹುಟ್ಟಿದವರು. ಅವರಲ್ಲಿ ಹಿರಿಯನಾಗಿದ್ದವನು ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡಿದ್ದವನು. ಅಪ್ಪ ಅಮ್ಮನ ದೇಶ ತಮ್ಮದಲ್ಲ, ಹುಟ್ಟಿದ ದೇಶ ತಮ್ಮನ್ನು ಪೂರ್ತಿ ಒಪ್ಪಿಲ್ಲ. ಆ ಖಾಲಿ ಜಾಗದಲ್ಲಿ ಒಂದು ಚಿಕ್ಕ ಗುಂಪು ಸಿಗುತ್ತದೆ. ದೂರದ ಯುದ್ಧದ ವಿಡಿಯೊಗಳನ್ನು ಒಟ್ಟಿಗೆ ನೋಡುತ್ತಾರೆ. ಮನೆ, ಹಳೇ ಸ್ನೇಹಿತರು ದೂರವಾಗುತ್ತಾರೆ. ಒಳಗಿನ ನಾಲ್ಕು ಜನರ ಮೆಚ್ಚುಗೆಯೇ ಜಗತ್ತಾಗುತ್ತದೆ. ಆಮೇಲೆ ಹಿಂದೆ ಸರಿಯುವುದು ಅಂದರೆ ಗೆಳೆಯರಿಗೆ ದ್ರೋಹ.

ಸರ್ಕಾರ ಗಟ್ಟಿಯಾಗಿ ಹೊಡೆದ್ರೆ ನಿಲ್ಲೋದಿಲ್ವಾ? ಎಲ್ಲಾದ್ರೂ ನಿಂತಿದೆಯಾ?

ನಿಂತಿದೆ, ಬೇರೆ ಬೇರೆ ರೀತಿಯಲ್ಲಿ. ಶ್ರೀಲಂಕಾದಲ್ಲಿ 2009ರ ಮೇ ತಿಂಗಳಲ್ಲಿ ಸೇನೆ ಎಲ್‌ಟಿಟಿಇಯನ್ನು ಮುಗಿಸಿತು. ಕೊನೆಯ ತಿಂಗಳುಗಳಲ್ಲಿ 40 ಸಾವಿರದಷ್ಟು ಸಾಮಾನ್ಯ ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಅದನ್ನು ಮಾದರಿ ಅನ್ನಲು ನನ್ನಿಂದಾಗದು. ಟರ್ಕಿಯಲ್ಲಿ 1999ರಲ್ಲಿ ಸಿಕ್ಕಿಬಿದ್ದ ಪಿಕೆಕೆ ನಾಯಕ ಓಜಲಾನ್ ಜೈಲಿನಿಂದಲೇ ಹೋರಾಟ ನಿಲ್ಲಿಸಲು ಹೇಳಿದಾಗ ಪಿಕೆಕೆಯ ದಾಳಿಗಳು ಆ ಹೊತ್ತಿಗೆ ನಿಂತವು. ಇಸ್ರೇಲ್‌ನಲ್ಲಿ 2005ರ ನಂತರ ಇಳಿದವು. ತಡೆಗೋಡೆ, ಬೇಹುಗಾರಿಕೆ, ಕದನವಿರಾಮ, ಹಮಾಸ್ ಚುನಾವಣೆಗೆ ನಿಂತದ್ದು, ಎಲ್ಲವೂ ಇದರಲ್ಲಿ ಸೇರಿವೆ. ಪ್ಯಾಲೆಸ್ತೀನಿಯರ ಪ್ರಶ್ನೆ ಮಾತ್ರ ಹಾಗೇ ಉಳಿಯಿತು, ಹಿಂಸೆ ಬೇರೆ ರೂಪದಲ್ಲಿ ಮುಂದುವರಿಯಿತು.

ಹೊಡೆತ ತಿರುಗಿಬಿದ್ದ ಉದಾಹರಣೆಗಳೇ ಜಾಸ್ತಿ. 2009ರ ಜುಲೈನಲ್ಲಿ ಬೋಕೊ ಹರಾಮ್‌ನ ನಾಯಕ ಮೊಹಮ್ಮದ್ ಯೂಸುಫ್ ಪೊಲೀಸ್ ವಶದಲ್ಲಿ ಸತ್ತ. ಗುಂಪು ಮುಗಿಯಿತು ಅಂದುಕೊಂಡರು. ಎರಡು ವರ್ಷದಲ್ಲಿ ಅದು ಅಬುಜಾದ ವಿಶ್ವಸಂಸ್ಥೆ ಕಚೇರಿಯ ಮೇಲೆ ಆತ್ಮಾಹುತಿ ದಾಳಿ ಮಾಡಿತು. ಪಾಕಿಸ್ತಾನದ ಬುಡಕಟ್ಟು ಪ್ರದೇಶದಲ್ಲಿ 1901ರ ಬ್ರಿಟಿಷ್ ಕಾನೂನು 2018ರ ತನಕ ಇತ್ತು. ಒಬ್ಬನ ತಪ್ಪಿಗೆ ಇಡೀ ಬುಡಕಟ್ಟಿಗೆ ಶಿಕ್ಷೆ ಕೊಡಬಹುದಿತ್ತು. ತಾಲಿಬಾನ್ ಬೇರು ಬಿಟ್ಟದ್ದು ಅಂಥ ನೆಲದಲ್ಲಿ. 2017ರಲ್ಲಿ ವರದಿ ಕೊಟ್ಟ ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆ ಯುಎನ್‌ಡಿಪಿ ಆಫ್ರಿಕಾದ ಉಗ್ರವಾದಿ ಗುಂಪುಗಳಿಗೆ ಸೇರಿದ್ದವರನ್ನು ಮಾತಾಡಿಸಿತು. ಕೊನೆಯ ಹೆಜ್ಜೆ ಇಡಿಸಿದ್ದು ಸರ್ಕಾರದ ಕೃತ್ಯ ಎಂದವರು ಶೇಕಡಾ 71. ಮನೆಯವರನ್ನೋ ಗೆಳೆಯರನ್ನೋ ಹಿಡಿದದ್ದು, ಕೊಂದದ್ದು ಅಂಥ ಕೃತ್ಯಗಳು.

ಕಾರಣ ಹುಡುಕೋದು ಅಂದ್ರೆ ಅವರ ಪರ ಮಾತಾಡಿದ ಹಾಗಲ್ವಾ?

ಅಲ್ಲ. ಕಾಲರಾ ಯಾವ ನೀರಿನಿಂದ ಬಂತು ಎಂದು ಹುಡುಕುವವರು ಕಾಲರಾ ಪರ ಇರುವುದಿಲ್ಲ. ಅನ್ಯಾಯ ಆಗಿದ್ದು ನಿಜ, ಅದಕ್ಕೆ ಬಸ್ಸಿನಲ್ಲಿ ಕೂತವರನ್ನು ಕೊಂದದ್ದು ಅಪರಾಧ. ಎರಡೂ ಮಾತು ಒಟ್ಟಿಗೆ ಹೇಳಬಹುದು, ಹೇಳಲೇಬೇಕು. ಅದೇ ಅನ್ಯಾಯ ಅನುಭವಿಸಿದ ಲಕ್ಷಾಂತರ ಜನ ಯಾರನ್ನೂ ಕೊಲ್ಲಲಿಲ್ಲ ಎಂಬುದನ್ನೂ ನೆನಪಿಡಬೇಕು.

'ಆತ್ಮಾಹುತಿ' ಅನ್ನೋ ಪದ ಅವರನ್ನು ದೊಡ್ಡವರನ್ನಾಗಿ ಮಾಡಲ್ವಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಋಣಿ. ಆಹುತಿ ಅಂದರೆ ಹೋಮದ ಬೆಂಕಿಗೆ ಭಕ್ತಿಯಿಂದ ಅರ್ಪಿಸುವುದು. 'ಅಂಗಡಿ ಬೆಂಕಿಗೆ ಆಹುತಿ' ಎಂದು ಬರೆದು ಬರೆದು ಪದ ಸವೆದಿದೆ, ನಿಜ. ಆದರೂ ಅದರಲ್ಲಿ ಅರ್ಪಣೆಯ ಪರಿಮಳ ಸ್ವಲ್ಪ ಉಳಿದಿದೆ.

ಸಂಘಟನೆಗಳಿಗೆ ಪದದ ಬೆಲೆ ಚೆನ್ನಾಗಿ ಗೊತ್ತು. ತಮಿಳಿನಲ್ಲಿ ಆತ್ಮಹತ್ಯೆಗೆ 'ತರ್ಕೊಲೈ' ಎನ್ನುತ್ತಾರೆ, ತನ್ನನ್ನು ತಾನೇ ಕೊಲ್ಲುವುದು. ಎಲ್‌ಟಿಟಿಇ ಆ ಪದ ಬಿಟ್ಟು 'ತರ್ಕೊಡೈ' ಎಂದಿತು, ತನ್ನನ್ನು ತಾನೇ ಕೊಡುವುದು. ಕೊಲೆ, ಕೊಡುಗೆ: ಕನ್ನಡದ ಕಿವಿಗೂ ತಕ್ಷಣ ಕೇಳಿಸುತ್ತದೆ. ಒಂದು ಅಕ್ಷರ ಬದಲಿಸಿದ್ದಕ್ಕೆ ಕೊಲೆ ಮರೆಯಾಯಿತು. ರೂಢಿಯಲ್ಲಿರುವ ಪದ ಬಿಟ್ಟರೆ ಓದುಗರಿಗೆ ತಿಳಿಯುವುದಿಲ್ಲ ಎಂದು ನಾನೂ 'ಆತ್ಮಾಹುತಿ ದಾಳಿ' ಎಂದೇ ಬರೆಯುತ್ತೇನೆ. ಆದರೆ 'ಆತ್ಮಾಹುತಿ' ಎಂದಷ್ಟೇ ಬರೆದು ನಿಲ್ಲಿಸುವುದಿಲ್ಲ, ಪಕ್ಕದಲ್ಲಿ 'ದಾಳಿ' ಇದ್ದೇ ಇರುತ್ತದೆ. ಸಾಧ್ಯವಾದ ಕಡೆ ಎಷ್ಟು ಜನರನ್ನು ಕೊಂದರು ಎಂಬುದನ್ನೂ ಅದೇ ವಾಕ್ಯದಲ್ಲಿ ಸೇರಿಸುತ್ತೇನೆ.